ಮುಟ್ಟು ನಿಲ್ಲುವ ವಯಸ್ಸಿನ ಬೇಸರಕ್ಕೆ ಪ್ರೊಬಯಾಟಿಕ್ ಮದ್ದೇ?

‘ಮುಟ್ಟು ನಿಲ್ಲುವ ವಯಸ್ಸಿನ ಸಿಟ್ಟು, ಅಳು, ನಿದ್ರೆಗೇಡಿಗೆ ದಿನಾ ಒಂದು ಬಟ್ಟಲು ಮೊಸರು ಅಥವಾ ಒಂದು ಪ್ರೊಬಯಾಟಿಕ್ ಕ್ಯಾಪ್ಸೂಲ್ ಸಾಕು, ಡಾಕ್ಟರ ಮಾತ್ರೆ ಬೇಡ’ ಎಂಬರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಜರಗನಹಳ್ಳಿಯಂಥ ಬಡಾವಣೆಗಳ ಮೆಡಿಕಲ್ ಸ್ಟೋರ್‌ಗಳಲ್ಲಿ ಈ ಕ್ಯಾಪ್ಸೂಲ್ ಕೇಳಿದರೆ ಸುಲಭವಾಗಿ ಸಿಗುತ್ತದೆ. ಹಾಗಾಗಿ ಇದರಲ್ಲಿ ಎಷ್ಟು ನಿಜ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಚುಟುಕಾಗಿ ಹೇಳುವುದಾದರೆ: ಮೊಸರು ಒಳ್ಳೆಯ ಆಹಾರ, ನಿಜ. ಅದು ಖಿನ್ನತೆಗೆ ಚಿಕಿತ್ಸೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಮಾತ್ರೆ ಬಿಡಿ ಎನ್ನುವ ಮಾತು ಅಪಾಯಕಾರಿ.

ಈ ವಯಸ್ಸಿನಲ್ಲಿ ಮನಸ್ಸು ಏಕೆ ಏರುಪೇರಾಗುತ್ತದೆ?

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಭಾರತದಲ್ಲಿ ಇದು ಸರಾಸರಿ 46-47ನೇ ವಯಸ್ಸಿಗೆ ಬರುತ್ತದೆ. ಆದರೆ ತೊಂದರೆ ಅದಕ್ಕೂ ಕೆಲವು ವರ್ಷ ಮೊದಲೇ ಶುರುವಾಗಬಹುದು. ಆಗ ಈಸ್ಟ್ರೋಜನ್ ಹಾರ್ಮೋನು ಒಂದೇ ಸಮನೆ ಇಳಿಯದೆ ಏರಿಳಿಯುತ್ತದೆ. ಇದು ಮಿದುಳಿನ ಮೇಲೂ ಪರಿಣಾಮ ಬೀರುತ್ತದೆ. ರಾತ್ರಿ ಮೈ ಬಿಸಿಯಾಗಿ ಬೆವರಿದರೆ ನಿದ್ರೆ ಕೆಡುತ್ತದೆ, ನಿದ್ರೆ ಕೆಟ್ಟರೆ ಮನಸ್ಸೂ ಕೆಡುತ್ತದೆ. ಹಿಂದೆ ಖಿನ್ನತೆ ಬಂದಿದ್ದವರಿಗೆ ಅದು ಮರುಕಳಿಸುವ ಸಾಧ್ಯತೆ ಹೆಚ್ಚು. ಆಪರೇಷನ್ ಮಾಡಿ ಅಂಡಾಶಯ ತೆಗೆದವರಿಗೆ ಈ ಬದಲಾವಣೆ ಒಮ್ಮೆಲೇ ಬರುತ್ತದೆ.

ಕರುಳಿಗೂ ಮನಸ್ಸಿಗೂ ನಂಟಿದೆಯೇ?

ಇದೆ. ನರಗಳು, ಹಾರ್ಮೋನುಗಳು ಮತ್ತು ರೋಗನಿರೋಧಕ ವ್ಯವಸ್ಥೆಯ ಮೂಲಕ ಕರುಳು ಮತ್ತು ಮಿದುಳು ಸಂಪರ್ಕದಲ್ಲಿರುತ್ತವೆ. ‘ದೇಹದ 90 ಶೇಕಡಾ ಸೆರೊಟೋನಿನ್ ಕರುಳಿನಲ್ಲೇ ತಯಾರಾಗುತ್ತದೆ’ ಎಂಬ ಮಾತೂ ಹೆಚ್ಚುಕಡಿಮೆ ಸರಿಯೇ. ಆದರೆ ಆ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮಿದುಳು ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಈ ಅರ್ಧ ಭಾಗವೇ.

ಸಂಶೋಧನೆ ಏನು ಹೇಳುತ್ತದೆ?

ಲಂಡನ್ನಿನ ಕಿಂಗ್ಸ್ ಕಾಲೇಜಿನ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರಲ್ಲಿ ಖಿನ್ನತೆಯ 49 ಮಂದಿ ಇದ್ದರು. ಕೆಲವರಿಗೆ 8 ವಾರ ಪ್ರೊಬಯಾಟಿಕ್, ಉಳಿದವರಿಗೆ ಮದ್ದಿಲ್ಲದ ಹುಸಿ ಕ್ಯಾಪ್ಸೂಲ್ ಕೊಟ್ಟರು. ಪ್ರೊಬಯಾಟಿಕ್ ಪಡೆದವರಲ್ಲಿ ಸುಧಾರಣೆ ಹೆಚ್ಚಿತ್ತು. ಗಮನಿಸಿ: ಅವರೆಲ್ಲರೂ ಖಿನ್ನತೆಯ ಮಾತ್ರೆಯನ್ನು ಮುಂದುವರಿಸಿದ್ದರು. ಪ್ರೊಬಯಾಟಿಕ್ ಮಾತ್ರೆಯ ಜೊತೆಗಿತ್ತು, ಅದರ ಬದಲಿಗಲ್ಲ. ಅದು ಚಿಕ್ಕ ಅಧ್ಯಯನ. ಋತುಬಂಧದ ಮಹಿಳೆಯರಿಗೆಂದೇ ಮಾಡಿದ್ದೂ ಅಲ್ಲ.

ಮೊಸರು, ಇಡ್ಲಿ, ಮಜ್ಜಿಗೆಹುಳಿ ಎಲ್ಲವೂ ಪ್ರೊಬಯಾಟಿಕ್ಕೇ?

ಆರೋಗ್ಯಕ್ಕೆ ಲಾಭವಿದೆ ಎಂದು ತೋರಿಸಿದ, ಸಾಕಷ್ಟು ಪ್ರಮಾಣದಲ್ಲಿ ಜೀವಂತವಾಗಿರುವ ಸೂಕ್ಷ್ಮಾಣುಗಳಿಗೆ ಮಾತ್ರ ಆ ಹೆಸರು. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ, ಆದರೆ ಯಾವ ತಳಿ, ಎಷ್ಟು ಎಂದು ಹೇಳಲಾಗದು. ಇಡ್ಲಿ ಹಿಟ್ಟು ಹುದುಗಿದ್ದರೂ ಹಬೆಯಲ್ಲಿ ಬೆಂದಾಗ ಅವು ಸಾಯುತ್ತವೆ. ಕುದಿಸಿದ ಮಜ್ಜಿಗೆಹುಳಿಯಲ್ಲೂ ಅಷ್ಟೇ. ಇವೆಲ್ಲ ಒಳ್ಳೆಯ ಊಟ. ಪ್ರೋಟೀನ್, ಕ್ಯಾಲ್ಸಿಯಂ ಇರುವ ಮೊಸರು ಈ ವಯಸ್ಸಿನ ಮೂಳೆಗೂ ಹಿತ. ಅದಕ್ಕಾಗಿ ತಿನ್ನಿ.

ಆರೋಗ್ಯವಂತರಿಗೆ ಕ್ಯಾಪ್ಸೂಲ್‌ನಿಂದ ಸಾಮಾನ್ಯವಾಗಿ ಹೊಟ್ಟೆಯುಬ್ಬರಕ್ಕಿಂತ ಹೆಚ್ಚಿನ ತೊಂದರೆ ಆಗದು. ಕೀಮೋಥೆರಪಿಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಮಾತ್ರ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಯಾವಾಗ ವೈದ್ಯರನ್ನು ಕಾಣಬೇಕು?

ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ ಬಿಡದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ‘ಈ ವಯಸ್ಸಿಗೆ ಇದೆಲ್ಲ ಮಾಮೂಲು’ ಎಂದು ಸುಮ್ಮನಿರಬೇಡಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಯೂ ಹೀಗೆಯೇ ಕಾಣಿಸಬಹುದು. ರಕ್ತ ಪರೀಕ್ಷೆಯಲ್ಲಿ ಇವು ತಿಳಿಯುತ್ತವೆ. ಆಪ್ತಸಮಾಲೋಚನೆ, ಖಿನ್ನತೆಯ ಮಾತ್ರೆ, ಕೆಲವರಿಗೆ ಹಾರ್ಮೋನು ಚಿಕಿತ್ಸೆ ಪ್ರಯೋಜನಕಾರಿ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ನಿಲ್ಲಿಸಬಾರದು.

ಜರಗನಹಳ್ಳಿ, ಜೆ.ಪಿ. ನಗರದವರಿಗೆ ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆ ಹತ್ತಿರ. ಬಿ.ಟಿ.ಎಂ. ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಮನೆಯಿಂದ ಹೊರಡಲಾಗದವರು 14416ಕ್ಕೆ ಕರೆ ಮಾಡಬಹುದು. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಕರೆ ಉಚಿತ, ಹಗಲೂ ರಾತ್ರಿಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಕಾಯದೆ ಕರೆ ಮಾಡಿ.

ಮೊಸರಿನ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಈ ಸಂಖ್ಯೆಯನ್ನೂ ಹಾಕಿ.