ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡ್: ವಾದಕರ ಸಂಗೀತ ಹಿನ್ನೆಲೆ

ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡ್, ಅಮೆರಿಕದ ಶಿಕಾಗೊ ನಗರದಲ್ಲಿ 1963ರಲ್ಲಿ ಕೂಡಿ 1971ರವರೆಗೆ ನಡೆದ, ಕಪ್ಪು ಜನರಲ್ಲಿ ಹುಟ್ಟಿದ ಬ್ಲೂಸ್ ಸಂಗೀತದ ತಂಡ. ಕಪ್ಪು ಮತ್ತು ಬಿಳಿ ಜನಾಂಗದ ವಾದಕರು ಒಂದೇ ವೇದಿಕೆಯಲ್ಲಿ ಸಮಸಮನಾಗಿ ನಿಲ್ಲುವುದು ಅಪರೂಪವಾಗಿದ್ದ ಕಾಲದಲ್ಲಿ ಹುಟ್ಟಿದ ತಂಡವಾದ್ದರಿಂದ, ಇದರ ಬಗ್ಗೆ ಬರೆಯುವವರು ಹೆಚ್ಚಾಗಿ ಮೈಬಣ್ಣದಿಂದಲೇ ಮಾತು ಶುರುಮಾಡುತ್ತಾರೆ. ಇಲ್ಲವೇ ಯಾರ ಮೇಲೆ ಯಾರ ಪ್ರಭಾವವೆಂದು ಹೆಸರುಗಳ ಪಟ್ಟಿ ಕೊಟ್ಟು ಮುಗಿಸುತ್ತಾರೆ. ಎರಡರಿಂದಲೂ ಈ ತಂಡದ ನಾದ ಅರ್ಥವಾಗುವುದಿಲ್ಲ. ಶಿಕಾಗೊದ ಹಿರಿಯ ಬ್ಲೂಸ್ ಕಲಾವಿದರಾದ ಮಡಿ ವಾಟರ್ಸ್, ಲಿಟಲ್ ವಾಲ್ಟರ್ ಅವರ ರೆಕಾರ್ಡುಗಳನ್ನು ಆಗ ಲಂಡನ್ನಿನ ಹುಡುಗರೂ ಕೇಳುತ್ತಿದ್ದರು. ಬಟರ್‌ಫೀಲ್ಡನ ತಂಡದವರು ಆ ಸಂಗೀತವನ್ನು ಕಲಿತ ದಾರಿ ಬೇರೆ: ನುಡಿಸುವವರ ಪಕ್ಕದಲ್ಲಿ ನಿಂತು, ಅವರ ಕಣ್ಣೆದುರೇ ತಪ್ಪಿ, ತಿದ್ದಿಕೊಂಡು ಕಲಿತರು. ನಮ್ಮಲ್ಲಿ ಗುರುಮುಖೇನ ಕಲಿಯುವುದು ಎನ್ನುತ್ತೇವಲ್ಲ, ಶಿಕಾಗೊದ ಮಟ್ಟಿಗೆ ಅದರ ಹತ್ತಿರದ ರೂಪ ಇದು.

1942ರಲ್ಲಿ ಹುಟ್ಟಿದ ಬಟರ್‌ಫೀಲ್ಡ್ ವಕೀಲರೊಬ್ಬರ ಮಗ. ಬೆಳೆದದ್ದು ಶಿಕಾಗೊ ವಿಶ್ವವಿದ್ಯಾಲಯದ ಆಸುಪಾಸಿನ ಹೈಡ್ ಪಾರ್ಕಿನಲ್ಲಿ. ಹುಡುಗನಾಗಿದ್ದಾಗ ಶಿಕಾಗೊ ಸಿಂಫನಿಯ ವಾಲ್‌ಫ್ರಿಡ್ ಕುಯಾಲಾ ಅವರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಕೊಳಲು ಕಲಿತ. ಈ ಕಲಿಕೆ ಮುಂದೆ ಹಾರ್ಮೋನಿಕದಲ್ಲಿ, ಅಂದರೆ ನಮ್ಮ ಮೌತ್ ಆರ್ಗನ್ನಿನಲ್ಲಿ, ಉಪಯೋಗಕ್ಕೆ ಬಂತೆಂದೇ ನಂಬಬಹುದು. ಅವನ ವಾದನದಲ್ಲಿ ಹಲವು ಸ್ವರಗಳು ಒಟ್ಟಿಗೆ ಮೊಳಗುವುದಕ್ಕಿಂತ ಒಂದೊಂದೇ ಸ್ವರ ದುಂಡಗೆ, ಉಸಿರಿನ ಪೂರ್ಣ ಹಿಡಿತದಲ್ಲಿ ಹೊರಡುತ್ತದೆ. ಎಡಗೈಯವನಾದ್ದರಿಂದ ವಾದ್ಯವನ್ನು ತಲೆಕೆಳಗಾಗಿ, ಮಂದ್ರ ಸ್ವರಗಳು ಬಲಕ್ಕೆ ಬರುವಂತೆ ಬಲಗೈಯಲ್ಲಿ ಹಿಡಿಯುತ್ತಿದ್ದ. ಎಡಗೈ ಬೊಗಸೆಯಂತೆ ಅದನ್ನು ಮುಚ್ಚಿ ತೆರೆದು ನಾದವನ್ನು ತಿದ್ದುತ್ತಿತ್ತು. ಆದರೆ ಕೊಳಲಿನ ಪಾಠ ಅವನನ್ನು ಬ್ಲೂಸ್ ವಾದಕನನ್ನಾಗಿ ಮಾಡಲಿಲ್ಲ. ಹೈಡ್ ಪಾರ್ಕಿನ ಸುತ್ತಲೂ ಇದ್ದದ್ದು ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಕಪ್ಪು ಜನರ ಬಡಾವಣೆಗಳು. ಅಲ್ಲಿನ ಸ್ಮಿಟೀಸ್ ಕಾರ್ನರ್ ಎಂಬ ಕ್ಲಬ್ಬಿನಲ್ಲಿ ಮಡಿ ವಾಟರ್ಸ್ ಈ ಹುಡುಗನನ್ನು ವೇದಿಕೆಗೆ ಹತ್ತಿಸಿಕೊಳ್ಳುತ್ತಿದ್ದ. ಗಿಟಾರ್ ವಾದಕ ಎಲ್ವಿನ್ ಬಿಷಪ್ ಓಕ್ಲಹೋಮದ ಟಲ್ಸಾದವನು. ರಾತ್ರಿ ಹೊತ್ತು ದೂರದ ಸ್ಟೇಷನ್ನುಗಳು ರೇಡಿಯೊದಲ್ಲಿ ಸಿಕ್ಕಾಗ ಬ್ಲೂಸ್ ಹುಚ್ಚು ಹಿಡಿದವನು, 1960ರಲ್ಲಿ ಭೌತಶಾಸ್ತ್ರ ಓದಲೆಂದು ಶಿಕಾಗೊಗೆ ಬಂದ. ಗಿಟಾರಿನ ಪಾಠ ದೊರೆತದ್ದು ಲಿಟಲ್ ಸ್ಮೋಕಿ ಸ್ಮದರ್ಸ್ ಬಳಿ. ಭೌತಶಾಸ್ತ್ರ ಹಿಂದೆ ಬಿತ್ತು.

ಈ ಇಬ್ಬರೇ ಇದ್ದಿದ್ದರೆ ಇದು ವಿಶ್ವವಿದ್ಯಾಲಯದ ಕೂಟಗಳಲ್ಲಿ ನುಡಿಸುವ ಹವ್ಯಾಸಿ ತಂಡವಾಗಿಯೇ ಉಳಿಯುತ್ತಿತ್ತು. ತಂಡಕ್ಕೆ ಬುನಾದಿ ಬಿದ್ದದ್ದು ಬ್ಲೂಸ್ ಗಾಯಕ ಹೌಲಿನ್ ವುಲ್ಫ್‌ನ ತಂಡದಿಂದ ಬಂದ ಇಬ್ಬರಿಂದ. ಬೇಸ್ ಗಿಟಾರಿನ ಜೆರೋಮ್ ಆರ್ನಾಲ್ಡ್, ಹಾರ್ಮೋನಿಕ ವಾದಕ ಬಿಲ್ಲಿ ಬಾಯ್ ಆರ್ನಾಲ್ಡನ ತಮ್ಮ. ಅವನಿಗೆ ಬ್ಲೂಸ್ ಮನೆಮಾತು. ಡ್ರಮ್ಸ್ ವಾದಕ ಸ್ಯಾಮ್ ಲೇ 1935ರಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಕ್ಲೀವ್‌ಲ್ಯಾಂಡಿನಲ್ಲಿ ಕಸುಬು ಹಿಡಿದು, ಲಿಟಲ್ ವಾಲ್ಟರನಿಗೂ ಆಮೇಲೆ ವುಲ್ಫ್‌ಗೂ ನುಡಿಸಿದವನು. ‘ಡಬಲ್ ಷಫಲ್’ ಎಂದು ಹೆಸರಾದ ಅವನ ನಡೆಯ ಮೂಲ ಕ್ಲಬ್ಬಿನಲ್ಲಿಲ್ಲ, ಬಾಲ್ಯದ ಚರ್ಚಿನಲ್ಲಿದೆ. ಪ್ರಾರ್ಥನೆಯ ಹಾಡಿಗೆ ಸಭೆ ಚಪ್ಪಾಳೆ ತಟ್ಟುವಾಗ ಒಂದು ಏಟಿನ ಬೆನ್ನಿಗೇ ಇನ್ನೊಂದು ಬೀಳುತ್ತದಲ್ಲ, ಆ ಜೋಡಿ ಏಟನ್ನು ಲೇ ಡ್ರಮ್ಸಿಗೆ ತಂದ. ಷಫಲ್ ಎಂದರೆ ಕುಂಟುತ್ತ ಓಡುವ ನಡೆ. ಲೇ ಕೈಯಲ್ಲಿ ಆ ಕುಂಟು ನಡೆ ನೆಲ ಬಿಡದೆ ಮುಂದಕ್ಕೆ ದೂಡುತ್ತದೆ. 1965ರ ಮೊದಲ ಆಲ್ಬಮ್‌ನಲ್ಲಿ ಹಾರ್ಮೋನಿಕ ಎಷ್ಟೇ ಮುಂದಿದ್ದರೂ, ಕಿವಿಗೊಟ್ಟು ಕೇಳಿದರೆ ಹಾಡಿನ ಲಗಾಮು ಹಿಂದೆ ಕುಳಿತವನ ಕೈಯಲ್ಲಿರುವುದು ತಿಳಿಯುತ್ತದೆ. ಮಡಿ ವಾಟರ್ಸ್ ಪ್ರಸಿದ್ಧಗೊಳಿಸಿದ ‘ಗಾಟ್ ಮೈ ಮೋಜೊ ವರ್ಕಿಂಗ್’ ಅನ್ನು ಆ ಆಲ್ಬಮ್‌ನಲ್ಲಿ ಹಾಡಿದವನೂ ಲೇ.

ತಂಡದ ಇನ್ನೊಬ್ಬ ಗಿಟಾರ್ ವಾದಕ ಮೈಕ್ ಬ್ಲೂಮ್‌ಫೀಲ್ಡ್ (1943–1981) ಈ ವಾದಕ್ಕೆ ಒಗ್ಗುವುದಿಲ್ಲವೆಂದು ಮೇಲ್ನೋಟಕ್ಕೆ ಅನ್ನಿಸಬಹುದು. ಹೋಟೆಲುಗಳಿಗೆ ಸಾಮಾನು ತಯಾರಿಸಿ ಒದಗಿಸುತ್ತಿದ್ದ ಶ್ರೀಮಂತ ಯಹೂದಿ ಕುಟುಂಬದವನು, ಉಪನಗರದಲ್ಲಿ ಬೆಳೆದವನು, ಕೈಗೆ ಸಿಕ್ಕ ಸಂಗೀತವನ್ನೆಲ್ಲ ಕೇಳಿ ಅರಗಿಸಿಕೊಂಡವನು. ಹಾಗಿದ್ದೂ ಹದಿಹರೆಯದಲ್ಲೇ ನಗರದ ದಕ್ಷಿಣಭಾಗವಾದ ಸೌತ್ ಸೈಡಿನ ಕ್ಲಬ್ಬುಗಳಿಗೆ ನುಗ್ಗಿ ಗಿಟಾರ್ ನುಡಿಸಿದ. ‘ಫಿಕಲ್ ಪಿಕಲ್’ ಎಂಬ ಕಾಫಿ ಹೌಸಿನಲ್ಲಿ ಜನ ಮರೆತಿದ್ದ ಹಿರಿಯ ಕಲಾವಿದರ ಕಛೇರಿಗಳನ್ನು ಏರ್ಪಡಿಸಿದ. ಒಂಬತ್ತು ತಂತಿಯ ಗಿಟಾರಿನ ಬಿಗ್ ಜೋ ವಿಲಿಯಮ್ಸ್ ಜೊತೆ ಊರೂರು ಸುತ್ತಿದ. ಸುಖವಾಗಿರದ ಆ ಒಡನಾಟದ ನೆನಪುಗಳನ್ನು ಮುಂದೆ ಪುಸ್ತಕವಾಗಿಯೂ ಬರೆದ. ಶಿಷ್ಯವೃತ್ತಿಯೆಂದರೆ ಇದಕ್ಕಿಂತ ಹೆಚ್ಚೇನು? ನಿಜವಾದ ಅಪವಾದ ಆರ್ಗನ್ ವಾದಕ ಮಾರ್ಕ್ ನಾಫ್ತಲಿನ್. ಮಿನಿಯಾಪೊಲಿಸ್ ಮೇಯರನ ಮಗನಾದ ಈತ ನ್ಯೂಯಾರ್ಕಿನ ಮ್ಯಾನಿಸ್ ಕಾಲೇಜಿನಲ್ಲಿ ಸಂಗೀತ ಓದುತ್ತಿದ್ದವನು, ಮೊದಲ ಆಲ್ಬಮ್‌ನ ಧ್ವನಿಮುದ್ರಣ ನಡೆಯುತ್ತಿದ್ದಾಗಲೇ ತಂಡ ಸೇರಿದ.

ಗಟ್ಟಿಯಾದ ಆಕ್ಷೇಪ 1966ರ ‘ಈಸ್ಟ್-ವೆಸ್ಟ್’ನಿಂದ ಬರುತ್ತದೆ. ಹದಿಮೂರು ನಿಮಿಷ ದಾಟುವ ಈ ವಾದ್ಯಕೃತಿಯ ಹಿಂದೆ ರವಿಶಂಕರರ ಸಿತಾರ್ ಇದೆ, ಜಾನ್ ಕೋಲ್ಟ್ರೇನನ ಜಾಝ್ ಇದೆ. ಬ್ಲೂಮ್‌ಫೀಲ್ಡ್ ರಾಗಸಂಗೀತವನ್ನು ಯಾವ ಗುರುವಿನ ಮುಂದೆಯೂ ಕುಳಿತು ಕಲಿತವನಲ್ಲ. ಹಾಗಾದರೆ ರೆಕಾರ್ಡು ಕೇಳಿಯೇ ದೊಡ್ಡ ಕೃತಿ ಮಾಡಬಹುದಾಯಿತಲ್ಲ? ಮಾಡಬಹುದು, ಆದರೆ ಏನನ್ನು ಎಂಬುದನ್ನು ಗಮನಿಸಬೇಕು. ಕರ್ನಾಟಕ ಅಥವಾ ಹಿಂದೂಸ್ತಾನಿ ಕಛೇರಿ ಕೇಳಿ ಬಲ್ಲವರಿಗೆ ಇದು ರಾಗವೆನ್ನಿಸುವುದಿಲ್ಲ. ಬೇಸ್ ಗಿಟಾರು ಒಂದೇ ಆಧಾರಸ್ವರವನ್ನು ಬಿಡದೆ ಹಿಡಿಯುವುದು ತಂಬೂರಿಯ ಶ್ರುತಿಯನ್ನು ನೆನಪಿಸುತ್ತದೆ, ನಿಜ. ಆದರೆ ಸ್ವರಶ್ರೇಣಿ ಭಾಗದಿಂದ ಭಾಗಕ್ಕೆ ಬದಲಾಗುತ್ತದೆ. ಒಂದು ರಾಗದ ಆರೋಹಣ ಅವರೋಹಣಕ್ಕೆ ಕಟ್ಟುಬಿದ್ದ ಸಂಚಾರ ಇಲ್ಲಿಲ್ಲ, ತಾಳದ ಆವರ್ತವೂ ಇಲ್ಲ. ಕೃತಿ ಗಟ್ಟಿಯಾಗಿ ನಿಲ್ಲುವುದು ಬೇರೆ ಕಾರಣಕ್ಕೆ. ಅನಾರೋಗ್ಯದಿಂದ ಬಿಟ್ಟ ಲೇ ಜಾಗಕ್ಕೆ ಬಂದ ಬಿಲ್ಲಿ ಡೇವನ್‌ಪೋರ್ಟ್ ಶಿಕಾಗೊದವನೇ, ಜಾಝ್‌ನಲ್ಲಿ ಪಳಗಿದವನು. ಉದ್ದದ ಮನೋಧರ್ಮಕ್ಕೆ ಏರಿಳಿತ ಕೊಡುವ ವಿದ್ಯೆ ಅವನದು. ಗಿಟಾರುಗಳು ಎಷ್ಟು ದೂರ ಅಲೆದರೂ ಕಾಲೂರುವುದು ಬ್ಲೂಸಿನ ನೆಲದಲ್ಲೇ. ಕಲಿತದ್ದು ಅಡಿಪಾಯವಾಯಿತು, ಕೇಳಿದ್ದು ಅದರ ಮೇಲಿನ ಅಂತಸ್ತಾಯಿತು. ಇದನ್ನು ಹೇಳುವುದರಿಂದ ‘ಈಸ್ಟ್-ವೆಸ್ಟ್’ನ ಹಿರಿಮೆ ಕುಗ್ಗುವುದಿಲ್ಲ, ರಾಕ್ ಸಂಗೀತದಲ್ಲಿ ದೀರ್ಘ ಮನೋಧರ್ಮಕ್ಕೆ ದಾರಿ ತೆರೆದ ಮೊದಲ ಕೃತಿಗಳಲ್ಲಿ ಅದೂ ಒಂದು.

ಇನ್ನೊಂದು ಆಕ್ಷೇಪ ನ್ಯಾಯದ್ದು. ಕಪ್ಪು ಗುರುಗಳು ಇಪ್ಪತ್ತು ವರ್ಷ ದುಡಿದರೂ ಮುಟ್ಟದ ಶ್ರೋತೃಗಳನ್ನು ಬಿಳಿ ಶಿಷ್ಯರು ಎರಡೇ ವರ್ಷದಲ್ಲಿ ಮುಟ್ಟಿದರು. ಲೇ ಮತ್ತು ಆರ್ನಾಲ್ಡ್ ವುಲ್ಫ್‌ನನ್ನು ಬಿಟ್ಟು ಬಂದದ್ದೂ ನಗರದ ಉತ್ತರಭಾಗದ ‘ಬಿಗ್ ಜಾನ್ಸ್’ ಕ್ಲಬ್ಬಿನಲ್ಲಿ ಸಂಬಳ ಹೆಚ್ಚೆಂದು. ಈ ಅಸಮಾನತೆ ನಿಜ. ಕಲಿಕೆ ಪ್ರಾಮಾಣಿಕವಾಗಿತ್ತೆಂಬ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಆದರೆ ಅದು ಮಾರುಕಟ್ಟೆಯ ಅನ್ಯಾಯ. ಅದನ್ನೇ ಹಿಡಿದು ಇವರ ಸಂಗೀತ ಬರೀ ನಕಲು ಎಂದರೆ, ಲೇ, ಆರ್ನಾಲ್ಡ್, ಡೇವನ್‌ಪೋರ್ಟ್ ಮೂವರನ್ನೂ ಅವರದೇ ತಂಡದಿಂದ ಅಳಿಸಿದಂತಾಗುತ್ತದೆ. ಸ್ವತಃ ಮಡಿ ವಾಟರ್ಸ್ ಈ ಸಂಬಂಧವನ್ನು ಮುಚ್ಚಿಡಲಿಲ್ಲ. 1969ರಲ್ಲಿ ಅವನು ಬಟರ್‌ಫೀಲ್ಡ್ ಮತ್ತು ಬ್ಲೂಮ್‌ಫೀಲ್ಡರನ್ನು ಕೂಡಿಸಿಕೊಂಡು ಶಿಕಾಗೊದಲ್ಲಿ ಮಾಡಿದ ಆಲ್ಬಮ್‌ನ ಹೆಸರು ‘ಫಾದರ್ಸ್ ಅಂಡ್ ಸನ್ಸ್’, ತಂದೆ ಮಕ್ಕಳು. ಪಿಯಾನೊಗೆ ಓಟಿಸ್ ಸ್ಪ್ಯಾನ್. ಡ್ರಮ್ಸಿಗೆ ಮತ್ತೆ ಸ್ಯಾಮ್ ಲೇ.