ತಂಪು ಗಾಳಿಯ ಹಿಂದಿನ ನೀರು

ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷವನ್ನು ಆಚರಿಸುತ್ತಿದ್ದ 1976ರ ಜುಲೈ ತಿಂಗಳದು. ಸ್ವಾತಂತ್ರ್ಯ ಘೋಷಣೆಯಾದ ಫಿಲಡೆಲ್ಫಿಯಾ ನಗರದಲ್ಲೇ 'ಅಮೆರಿಕನ್ ಲೀಜನ್' ಎಂಬ ಮಾಜಿ ಸೈನಿಕರ ಸಂಘದ ಸಮ್ಮೇಳನ. ಬೆಲ್‌ವ್ಯೂ-ಸ್ಟ್ರ್ಯಾಟ್‌ಫರ್ಡ್ ಎಂಬ ಹಳೆಯ ದೊಡ್ಡ ಹೋಟೆಲಿನಲ್ಲಿ ಸಭೆ, ಊಟ, ಹರಟೆ ಎಲ್ಲ ಮುಗಿಯಿತು. ಊರಿಗೆ ಮರಳಿದವರು ಕೆಲವೇ ದಿನಗಳಲ್ಲಿ ಒಬ್ಬೊಬ್ಬರಾಗಿ ಜ್ವರ, ಕೆಮ್ಮು, ನ್ಯುಮೋನಿಯಾ ಎಂದು ಹಾಸಿಗೆ ಹಿಡಿದರು. ಹೋಟೆಲಿನೊಳಗೆ ಕಾಲಿಡದೆ ಎದುರಿನ ಬೀದಿಯಲ್ಲಿ ಹಾದುಹೋದ ಕೆಲವರನ್ನೂ ಕಾಯಿಲೆ ಬಿಡಲಿಲ್ಲ. 200ಕ್ಕೂ ಹೆಚ್ಚು ಮಂದಿ ಮಲಗಿದರು. 34 ಜನ ಸತ್ತರು.

ವಿಷವೇ? ಹಂದಿಜ್ವರವೇ? ತಿಂಗಳುಗಟ್ಟಲೆ ಉತ್ತರವಿಲ್ಲ. ಗಿರಾಕಿಗಳಿಲ್ಲದೆ ಆ ವರ್ಷದ ನವೆಂಬರಿನಲ್ಲಿ ಹೋಟೆಲೇ ಮುಚ್ಚಿತು. ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಸೂಕ್ಷ್ಮದರ್ಶಕದಡಿ ಕೆಲವು ಕಡ್ಡಿಯಾಕಾರದ ಜೀವಿಗಳನ್ನು ಮೊದಲೇ ಕಂಡಿದ್ದರು. ಮುಖ್ಯವಲ್ಲವೆಂದು ಬದಿಗಿಟ್ಟಿದ್ದ ಆ ಗಾಜುಪಟ್ಟಿಗಳನ್ನು ಕ್ರಿಸ್‌ಮಸ್ ರಜೆಯಲ್ಲಿ ಮತ್ತೆ ತೆಗೆದು ನೋಡಿದರು. 1977ರ ಜನವರಿಯಲ್ಲಿ ಅಪರಾಧಿ ಪತ್ತೆಯಾಯಿತು. ಅದಕ್ಕೆ ಲೀಜಿಯೊನೆಲ್ಲಾ ಎಂದು ಹೆಸರಾಯಿತು.

ಆದರೆ ಅದು ಹೊಸದಾಗಿ ಹುಟ್ಟಿದ್ದಲ್ಲ. 1968ರಲ್ಲಿ ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿ ಆರೋಗ್ಯ ಇಲಾಖೆಯ ಕಟ್ಟಡದಲ್ಲೇ 144 ಮಂದಿಗೆ ಜ್ವರ ಬಂದಿತ್ತು. ಯಾರೂ ಸಾಯಲಿಲ್ಲ. ಆಗ ತೆಗೆದಿಟ್ಟಿದ್ದ ರಕ್ತವನ್ನು ಮತ್ತೆ ಪರೀಕ್ಷಿಸಿದಾಗ ಇದೇ ಬ್ಯಾಕ್ಟೀರಿಯಾದ ಗುರುತು ಸಿಕ್ಕಿತು.

ದೊಡ್ಡ ಕಟ್ಟಡಗಳ ಮಾಳಿಗೆಯ ಮೇಲೆ ಕೂಲಿಂಗ್ ಟವರ್ ಇರುತ್ತದೆ. ಏರ್‌ಕಂಡೀಷನರಿನ ಬಿಸಿ ಹೊತ್ತ ನೀರನ್ನು ಅಲ್ಲಿ ಸುರಿಸಿ, ಫ್ಯಾನಿನ ಗಾಳಿಯಿಂದ ಆರಿಸುತ್ತಾರೆ. ಆ ಉಗುರುಬೆಚ್ಚಗಿನ ನೀರಿನಲ್ಲಿ, ಪಾತ್ರದೊಳಗಿನ ಲೋಳೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕಣ್ಣಿಗೆ ಕಾಣದ ತುಂತುರಿನ ಜೊತೆ ಹಾರಿ ಶ್ವಾಸಕೋಶ ಸೇರುತ್ತದೆ. ವಯಸ್ಸಾದವರಿಗೂ ಬೀಡಿ-ಸಿಗರೇಟು ಸೇದುವವರಿಗೂ ಅಪಾಯ ಹೆಚ್ಚು.

ಇದಕ್ಕೆ ಮದ್ದು ಯಾವುದು? ಟವರನ್ನು ಆಗಾಗ ಬರಿದು ಮಾಡಿ ಉಜ್ಜಿ ತೊಳೆಯುವುದು, ಕ್ಲೋರಿನ್‌ನಂಥ ಕ್ರಿಮಿನಾಶಕವನ್ನು ಅಳತೆಯಂತೆ ಹಾಕುವುದು, ತುಂತುರು ಹೊರಹೋಗದಂತೆ ತಡೆ ಇಡುವುದು, ನೀರನ್ನು ಪರೀಕ್ಷಿಸುವುದು. ನೀರಿನ ತೊಟ್ಟಿಯ ಪಾಚಿ ಕೆರೆದು ಸುಣ್ಣ ಬಳಿದ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ!

ಗೊತ್ತಿದ್ದೂ ಮಾಡದಿದ್ದರೆ? 2015ರಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಒಂದು ಹೋಟೆಲಿನ ಕೂಲಿಂಗ್ ಟವರಿನಿಂದ 138 ಮಂದಿಗೆ ಕಾಯಿಲೆ ತಗಲಿ 16 ಜನ ತೀರಿಕೊಂಡರು. ಪ್ರತಿ ಟವರನ್ನೂ ನೋಂದಾಯಿಸಿ ತಪಾಸಣೆ ಮಾಡಿಸಬೇಕೆಂಬ ಕಾನೂನು ಆ ನಗರಕ್ಕೆ ಬಂದದ್ದು ಆಮೇಲೆಯೇ.

ನಾವು ತರಗತಿಯಲ್ಲಿ ಹೇಳುವ ಇತಿಹಾಸದಲ್ಲಿ ಯುದ್ಧ ಗೆದ್ದವರ ಹೆಸರಿರುತ್ತದೆ. ಮಾಳಿಗೆ ಹತ್ತಿ ತೊಟ್ಟಿ ತೊಳೆದು ಇಳಿದವನ ಹೆಸರಿರುವುದಿಲ್ಲ. ಅವನು ಸರಿಯಾಗಿ ತೊಳೆದ ವರ್ಷ ಊರಿನಲ್ಲಿ ಏನೂ ನಡೆದಿರುವುದಿಲ್ಲವಲ್ಲ!