ಬೇಡವಾದ ಅಂಚೆ

1835ನೆಯ ಇಸವಿ ಜುಲೈ 29ನೆಯ ತಾರೀಖು, ನ್ಯೂಯಾರ್ಕಿನಿಂದ ಹೊರಟ ‘ಕೊಲಂಬಿಯಾ’ ಎಂಬ ಹೊಗೆಹಡಗು ಅಮೆರಿಕದ ದಕ್ಷಿಣ ಕರೊಲೈನಾ ಸಂಸ್ಥಾನದ ಚಾರ್ಲ್‌ಸ್ಟನ್ ರೇವನ್ನು ಸೇರಿತು. ಅದು ತಂದ ಅಂಚೆಯಲ್ಲಿ ಆ ಪ್ರಾಂತದ ಗಣ್ಯರ ಹೆಸರಿಗೆ ಬಂದ ಪತ್ರಿಕೆಗಳ ಕಟ್ಟುಗಳು ರಾಶಿರಾಶಿಯಾಗಿದ್ದುವು. ಗುಲಾಮಗಿರಿಯನ್ನು ನಿರ್ಮೂಲಮಾಡಬೇಕೆಂದು ಹೊರಟಿದ್ದ ಉತ್ತರದ ಸಂಘವೊಂದು ಅವುಗಳನ್ನು ಅಚ್ಚುಹಾಕಿಸಿ ಕಳುಹಿಸಿತ್ತು. ವಿಳಾಸದಾರರು ಚಂದಾ ಕೊಟ್ಟವರಲ್ಲ, ಕೇಳಿ ತರಿಸಿಕೊಂಡವರೂ ಅಲ್ಲ. ಒಡೆಯರ ಮನಸ್ಸಾಕ್ಷಿಯನ್ನು ತಟ್ಟಬೇಕೆಂಬುದೇ ಸಂಘದ ಉದ್ದೇಶವಾಗಿದ್ದಿತು.

ಆ ರಾತ್ರಿಯೇ ಗುಂಪೊಂದು ಅಂಚೆಯ ಕಛೇರಿಗೆ ನುಗ್ಗಿ ಆ ಕಟ್ಟುಗಳನ್ನು ಹೊತ್ತೊಯ್ದಿತು. ಮರುದಿನ ರಾತ್ರಿ ಕವಾಯತಿನ ಮೈದಾನದಲ್ಲಿ ಸಂಘದ ಮುಖಂಡರ ಹುಲ್ಲುಬೊಂಬೆಗಳೊಡನೆ ಅವನ್ನೂ ಬೆಂಕಿಗೆ ಹಾಕಿದರು.

ಆ ಕಾಲದಲ್ಲಿ ಕಾಗದದ ಅಂಚೆಸುಂಕವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವವನೇ ತೆರುತ್ತಿದ್ದನು. ಬೇಡವಾದರೆ ಹಣಕೊಡದೆ ಹಿಂದಿರುಗಿಸಬಹುದಾಗಿದ್ದಿತು. ನಿರಾಕರಣೆಯ ಈ ಹಕ್ಕು ಅಷ್ಟು ಹಳೆಯದು. ಚಾರ್ಲ್‌ಸ್ಟನ್ನಿನಲ್ಲಿ ನಡೆದುದಾದರೋ ಬೇರೆ. ಅಲ್ಲಿ ಊರಿನವರೆಲ್ಲರ ಪರವಾಗಿ ಗುಂಪು ತಾನೇ ‘ಬೇಡ’ವೆಂದಿತು. ನೂರರಲ್ಲಿ ಒಬ್ಬನಿಗಾದರೂ ಓದುವ ಕುತೂಹಲವಿದ್ದೀತೇ ಎಂದು ಯಾರೂ ವಿಚಾರಿಸಲಿಲ್ಲ.

ಪಟ್ಟಣದ ಪೋಸ್ಟ್‌ಮಾಸ್ಟರ್ ಆಲ್ಫ್ರೆಡ್ ಹ್ಯೂಜಿ ದಿಕ್ಕುತೋಚದೆ ಮೇಲಧಿಕಾರಿಗೆ ಬರೆದನು. ಅಂಚೆಯ ಇಲಾಖೆಯ ಮುಖ್ಯಸ್ಥನಾದ ಏಮಸ್ ಕೆಂಡಾಲನ ಉತ್ತರ ವಿಚಿತ್ರವಾದುದು: ಅಂಚೆಯನ್ನು ತಡೆಯಲು ಕಾಯಿದೆಯಲ್ಲಿ ತನಗೆ ಅಧಿಕಾರವಿಲ್ಲ, ಆದರೆ ಕಾಯಿದೆಗಿಂತ ಹೆಚ್ಚಿನ ಕರ್ತವ್ಯವು ತಾನು ವಾಸಿಸುವ ಸಮಾಜಕ್ಕೆ ಸಲ್ಲತಕ್ಕುದು, ಆದುದರಿಂದ ತಡೆದವನನ್ನು ತಾನು ಖಂಡಿಸುವುದಿಲ್ಲ! ಕಣ್ಣುಮುಚ್ಚಿ ಹಾಲುಕುಡಿಯುವ ಬೆಕ್ಕಿನ ನ್ಯಾಯವಿದು. ಅದೇ ಡಿಸೆಂಬರಿನಲ್ಲಿ ಅಧ್ಯಕ್ಷ ಜ್ಯಾಕ್ಸನನು ಇಂತಹ ಪತ್ರಿಕೆಗಳು ದಕ್ಷಿಣದಲ್ಲಿ ಹರಡದಂತೆ ಕಾಯಿದೆಮಾಡಬೇಕೆಂದು ಶಾಸನಸಭೆಯನ್ನು ಕೇಳಿದನು. ಯಾವುದನ್ನು ತಡೆಯಬೇಕೆಂಬುದನ್ನು ಆಯಾ ಸಂಸ್ಥಾನದ ಕಾನೂನೇ ಗೊತ್ತುಮಾಡಲಿ ಎಂಬ ಕ್ಯಾಲ್‌ಹೂನನ ಮಸೂದೆಯು 1836ರ ಜೂನಿನಲ್ಲಿ ಸೆನೆಟ್ಟಿನಲ್ಲಿ 19ಕ್ಕೆ 25 ಮತಗಳಿಂದ ಬಿದ್ದುಹೋಯಿತು. ಜುಲೈ 2ರ ಕಾಯಿದೆಯು ಅಂಚೆಯನ್ನು ಬೇಕೆಂದೇ ತಡೆಹಿಡಿಯುವ ಪೋಸ್ಟ್‌ಮಾಸ್ಟರನಿಗೆ ಶಿಕ್ಷೆಯನ್ನೇ ವಿಧಿಸಿತು. ಕಾಯಿದೆಯೇನೋ ಆಯಿತು, ದಕ್ಷಿಣದ ಕಛೇರಿಗಳಲ್ಲಿ ಮಾತ್ರ ಅದು ಕಾಗದದ ಮೇಲೆಯೇ ಉಳಿಯಿತು. ಅಂತರ್ಯುದ್ಧದವರೆಗೂ ಅಂತಹ ಪತ್ರಿಕೆಗಳು ಅಲ್ಲಿ ವಿಳಾಸದಾರರ ಕೈಸೇರಿದುದು ಅಪೂರ್ವ.

ಇದೇ ಪ್ರಶ್ನೆಯು ಮುಂದಿನ ಶತಮಾನದಲ್ಲಿ ಸಭ್ಯವಾದ ವೇಷತೊಟ್ಟು ಮರಳಿ ಬಂದಿತು. ವಿದೇಶದಿಂದ ಬರುವ ಕಮ್ಯೂನಿಸ್ಟ್ ಪ್ರಚಾರದ ತೆರೆದ ಅಂಚೆಯನ್ನು ತಡೆದಿಟ್ಟು, ವಿಳಾಸದಾರನು ‘ಬೇಕು’ ಎಂದು ಕಾರ್ಡು ಬರೆದುಕೊಟ್ಟರೆ ಮಾತ್ರ ಕೊಡತಕ್ಕುದೆಂದು 1962ರ ಕಾಯಿದೆಯೊಂದು ಹೇಳಿತು. ಮೇಲ್ನೋಟಕ್ಕೆ ಇದರಲ್ಲಿ ಕ್ರೌರ್ಯವೇನಿದೆ? ಒಂದು ಕಾರ್ಡು ತಾನೆ! ಆದರೆ ಸರ್ಕಾರವು ದ್ರೋಹದ ಸಾಹಿತ್ಯವೆಂದು ಬಗೆದುದನ್ನು ತನಗೆ ಬೇಕೆಂದು ಅದೇ ಸರ್ಕಾರಕ್ಕೆ ಬರೆದುಕೊಡಲು ಯಾವ ಉಪಾಧ್ಯಾಯನಿಗೆ, ಯಾವ ನೌಕರನಿಗೆ ಧೈರ್ಯ ಬಂದೀತು? ತನ್ನ ಹೆಸರಿಗೆ ಬಂದ ‘ಪೀಕಿಂಗ್ ರಿವ್ಯೂ’ ಪತ್ರಿಕೆಯನ್ನು ತಡೆದಾಗ ಕಾರ್ಲಿಸ್ ಲ್ಯಾಮಾಂಟನು ಕಾರ್ಡು ಬರೆಯದೆ ನ್ಯಾಯಾಲಯಕ್ಕೆ ಹೋದನು. 1965ರ ಮೇ 24ರಂದು ಸುಪ್ರೀಂ ಕೋರ್ಟು ಏಕಮತದಿಂದ ಆ ವಿಧಿಯನ್ನು ಹೊಡೆದುಹಾಕಿತು. ಅಮೆರಿಕದ ಶಾಸನಸಭೆಯ ಕಾಯಿದೆಯೊಂದು ವಾಕ್‌ಸ್ವಾತಂತ್ರ್ಯದ ಆಧಾರದ ಮೇಲೆ ಆ ನ್ಯಾಯಾಲಯದಲ್ಲಿ ಅಸಿಂಧುವಾದುದು ಅದೇ ಮೊದಲು.

ಹಾಗಾದರೆ ಗೃಹಸ್ಥನು ಬಂದುದೆಲ್ಲವನ್ನೂ ಸಹಿಸಿಕೊಂಡಿರಬೇಕೆ? ಅದೂ ಅಲ್ಲ. ಅಶ್ಲೀಲವೆಂದು ತನಗೆ ತೋರಿದುದನ್ನು ಇನ್ನು ಕಳುಹಿಸಕೂಡದೆಂದು ವಿಳಾಸದಾರನು ಅಂಚೆಯವರ ಮೂಲಕ ಆಜ್ಞೆ ಹೊರಡಿಸಬಹುದೆಂದು 1967ರಲ್ಲಿ ಕಾಯಿದೆಯಾಯಿತು. ಕಳುಹಿಸುವ ವ್ಯಾಪಾರಿಗಳು ಅದನ್ನು ಪ್ರಶ್ನಿಸಿದರು. 1970ರಲ್ಲಿ ಅದೇ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿ, ಕಳುಹಿಸುವವನ ಹಕ್ಕು ಒಲ್ಲದವನ ಮನೆಯ ಹೊಸ್ತಿಲನ್ನು ದಾಟಲಾರದೆಂದು ಎತ್ತಿಹಿಡಿಯಿತು. ಅಶ್ಲೀಲವೇ ಅಲ್ಲವೇ ಎಂಬುದಕ್ಕೆ ಇಲ್ಲಿ ವಿಳಾಸದಾರನೊಬ್ಬನೇ ತೀರ್ಪುಗಾರ. ಅಧಿಕಾರಿಗೆ ಆ ಅಧಿಕಾರವಿಲ್ಲ. ಐದು ವರ್ಷಗಳ ಅಂತರದ ಈ ಎರಡು ತೀರ್ಪುಗಳನ್ನು ಪರಸ್ಪರ ವಿರುದ್ಧವೆಂದು ಭಾವಿಸಬಾರದು. ಮೊದಲನೆಯದರಲ್ಲಿ ಬಾಗಿಲು ಹಾಕಿದವರು ಸರ್ಕಾರದವರು, ಎರಡನೆಯದರಲ್ಲಿ ಮನೆಯವನು.

ರಾಜಕೀಯದ ಓಲೆಗಳಿಗೆ ಬಂದಾಗ ಈ ಬಾಗಿಲು ಇನ್ನೂ ಅರೆತೆರೆದೇ ಇದೆ. ವ್ಯಾಪಾರದ ಮಿಂಚಂಚೆ ಬೇಡವೆಂದವನಿಗೆ ಮತ್ತೆ ಕಳುಹಿಸಬಾರದೆಂದು 2003ರ ಅಮೆರಿಕದ ಕಾಯಿದೆಯು ಕಟ್ಟಳೆ ವಿಧಿಸಿತು. ಅದೇ ವರ್ಷ ದೂರವಾಣಿಯ ಕರೆ ಬೇಡವೆನ್ನುವವರ ಪಟ್ಟಿಯೂ ಆರಂಭವಾಯಿತು. ಚುನಾವಣೆಗೆ ಮತ ಬೇಡುವವರಿಗೆ ಇವೆರಡೂ ಅನ್ವಯಿಸುವುದಿಲ್ಲ. ಆ ವಿನಾಯಿತಿಗೆ ಒಪ್ಪಿಗೆ ಕೊಟ್ಟ ಸಭಾಸದರಲ್ಲಿ ಹೆಚ್ಚಿನವರು ಮುಂದಿನ ಚುನಾವಣೆಯಲ್ಲಿ ಮತದಾರರಿಗೆ ಓಲೆ ಬರೆಯಬೇಕಾದವರೇ ಆಗಿದ್ದರು.